ಕೆರೆಗೆ ಬಂದ ಅತಿಥಿ, ಕೊಟ್ಟಿಗೆಯ ಒಡತಿ



ಕಾರ್ತಿಕ ಮಾಸದ ಒಂದು ಬೆಳಗ್ಗೆಯನ್ನು ನೆನಪಿಸಿಕೊಳ್ಳಿ. ಹಾಲು ಕರೆದು, ಡೈರಿಗೆ ಹಾಕಿ ಬಂದು, ಸಗಣಿ ಬಾಚಿ ಬುಟ್ಟಿ ಹೊತ್ತು ತಿಪ್ಪೆಯ ಕಡೆ ನಡೆಯುತ್ತೀರಿ. ಅಲ್ಲಿ ಗುಬ್ಬಿಗಿಂತ ತುಸು ಉದ್ದನೆಯ, ಸಪೂರ ಮೈಯ ಹಕ್ಕಿಯೊಂದು ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ನೊಣ ಹಿಡಿಯುತ್ತಿರುತ್ತದೆ. ಹೊಟ್ಟೆಯ ಬಳಿ ಹಳದಿ ಬಣ್ಣ. ನೀವು ಹತ್ತಿರ ಹೋದರೆ ನಾಲ್ಕು ಹೆಜ್ಜೆ ಓಡಿ ಮತ್ತೆ ನಿಲ್ಲುತ್ತದೆ. ಹಸು ಮೇಯುವಾಗ ಅದರ ಕಾಲಿನ ಬಳಿಯೇ ಸುಳಿದಾಡುತ್ತದೆ. ಬೇಸಿಗೆಯಲ್ಲಿ ಹುಡುಕಿದರೆ ಅದು ಕಾಣುವುದಿಲ್ಲ.

ಅದರ ಹೆಸರು ಸಿಪಿಲೆ. ಹಿಮಾಲಯದಿಂದಲೋ, ಅದಕ್ಕೂ ಆಚೆಯ ಸೈಬೀರಿಯಾದಿಂದಲೋ ಹಾರಿ ಬಂದು ನಿಮ್ಮ ತಿಪ್ಪೆಯ ಪಕ್ಕ ಚಳಿಗಾಲ ಕಳೆಯುವ ಪುಟ್ಟ ಅತಿಥಿ. ವಲಸೆ ಹಕ್ಕಿ ನೋಡಲು ಪಕ್ಷಿಧಾಮಕ್ಕೇ ಹೋಗಬೇಕು ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅವು ನಮ್ಮ ಕೊಟ್ಟಿಗೆ, ಹೊಲ, ಕೆರೆಯಂಗಳದಲ್ಲೇ ಇರುತ್ತವೆ. ಹೀಗಾಗಿ ಅವುಗಳನ್ನು ಉಳಿಸುವ ಕೆಲಸದಲ್ಲಿ ಅರಣ್ಯ ಇಲಾಖೆಯಷ್ಟೇ ಪಾತ್ರ ಹಸು ಸಾಕುವ ನಮಗೂ ಇದೆ. ನಾವು ದಿನವೂ ಮಾಡುವ ಕೆಲವು ಸಣ್ಣ ತೀರ್ಮಾನಗಳ ಮೇಲೆ ಅವುಗಳ ಬದುಕು ನಿಂತಿದೆ. ಆ ತೀರ್ಮಾನಗಳು ಯಾವುವು ಎಂದು ಈ ಲೇಖನದಲ್ಲಿ ನೋಡೋಣ.

ಹಸುವಿನಂತೆ ಮೇಯುವ ಹಕ್ಕಿ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಎಂಬ ಊರಿದೆ. ಊರಿಗೆ ಅಂಟಿಕೊಂಡೇ ಒಂದು ಕೆರೆ. ಸುಮಾರು 50 ಹೆಕ್ಟೇರ್, ಅಂದರೆ ನೂರಿಪ್ಪತ್ತು ಎಕರೆ ಚಿಲ್ಲರೆ. ಮಳೆ ನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಜನರೇ ಕಟ್ಟಿಕೊಂಡ ಕೆರೆ ಅದು. ನಿಮ್ಮೂರಿನ ಕೆರೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಪ್ರತಿ ಚಳಿಗಾಲದಲ್ಲಿ ಅಲ್ಲಿಗೆ ಸುಮಾರು 8,000 ಹಕ್ಕಿಗಳು ಬಂದಿಳಿಯುತ್ತವೆ. ಇಲ್ಲಿಯವರೆಗೆ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಅಲ್ಲಿ ಗುರುತಿಸಿದ್ದಾರೆ. ಅವುಗಳಲ್ಲಿ 130 ಜಾತಿ ವಲಸೆ ಬರುವಂಥವು. 2024ರ ಜನವರಿಯಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅದರೊಂದಿಗೆ ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಕೂಡ ಸೇರಿದವು. ಶ್ರೀರಂಗಪಟ್ಟಣದ ರಂಗನತಿಟ್ಟು 2022ರಲ್ಲೇ ಈ ಪಟ್ಟಿಯಲ್ಲಿತ್ತು.

ಮಾಗಡಿ ಕೆರೆಯ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ. ತಲೆಯ ಹಿಂಭಾಗದಲ್ಲಿ ಮಸಿಯಲ್ಲಿ ಎಳೆದಂತೆ ಎರಡು ಕಪ್ಪು ಪಟ್ಟೆ. ಕೊಕ್ಕು, ಕಾಲು ಕಿತ್ತಳೆ ಹಳದಿ. ತೂಕ ಎರಡು ಮೂರು ಕಿಲೋ. ಮಂಗೋಲಿಯಾ, ಟಿಬೆಟ್, ಕಿರ್ಗಿಸ್ತಾನದ ಎತ್ತರದ ಕೆರೆಗಳ ಬಳಿ, ನಮ್ಮ ದೇಶದಲ್ಲಾದರೆ ಲಡಾಖಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಅಲ್ಲಿ ಕೆರೆಗಳು ಹೆಪ್ಪುಗಟ್ಟುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತದೆ.

ದಾರಿಯಲ್ಲಿ ಹಿಮಾಲಯ ಅಡ್ಡ ಬರುತ್ತದೆ. ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನಿಗೆ ಚಿಕ್ಕ ಯಂತ್ರ ಕಟ್ಟಿ ಅವುಗಳ ದಾರಿಯನ್ನು ಹಿಂಬಾಲಿಸಿದ್ದಾರೆ. ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಮನುಷ್ಯನಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಈ ಹಕ್ಕಿಯ ರಕ್ತಕ್ಕೆ ಆ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುವ ಶಕ್ತಿಯಿದೆ. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕಿನ ಹೊತ್ತನ್ನೇ ಅದು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಆ ವರ್ಷ ಹುಟ್ಟಿದ ಮರಿಗಳೂ ತಂದೆ ತಾಯಿಯ ಜೊತೆಯಲ್ಲೇ ಹಾರಿ ದಾರಿ ಕಲಿಯುತ್ತವೆ.

ಇಲ್ಲಿಗೆ ಬರುವ ಹಕ್ಕಿ ಅಷ್ಟು ದೂರದ್ದೇ ಎಂದು ಹೇಗೆ ಗೊತ್ತು? ನಿಮ್ಮ ಹಸುವಿನ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕಿರುತ್ತಾರಲ್ಲ, ಹಾಗೆಯೇ ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಡುತ್ತಾರೆ. ಅಂಥ ಪಟ್ಟಿಯ ಹಕ್ಕಿಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಓಲೆಯ ಅಂಕಿ ನೋಡಿ ಹಸು ಯಾರ ಮನೆಯದೆಂದು ಹೇಳುವಂತೆ, ಪಟ್ಟಿಯ ಅಕ್ಷರ ನೋಡಿ ಹಕ್ಕಿ ಎಲ್ಲಿಯದೆಂದು ಹೇಳಬಹುದು.

ಇಷ್ಟು ದೂರದಿಂದ ಬಂದು ಅದು ಮಾಡುವ ಕೆಲಸವೇನು? ಹುಲ್ಲು ಮೇಯುವುದು. ಹೆಬ್ಬಾತು ಮೀನು ಹಿಡಿಯುವ ಹಕ್ಕಿಯಲ್ಲ. ಕೆರೆಯಂಚಿನ ಎಳೆ ಹುಲ್ಲು, ಹೊಲದ ಎಳೆ ಸಸಿ, ಕಿತ್ತ ಹೊಲದಲ್ಲಿ ಉಳಿದ ಕಾಳು ಅದರ ಆಹಾರ. ಹಸುವಿನಂತೆ ನಾಲ್ಕು ಕೋಣೆಯ ಹೊಟ್ಟೆ ಅದಕ್ಕಿಲ್ಲ, ಮೆಲುಕು ಹಾಕುವುದಿಲ್ಲ. ತಿಂದ ಹುಲ್ಲಿನ ಸಾರ ಪೂರ್ತಿ ಸಿಗುವ ಮೊದಲೇ ಹಿಕ್ಕೆಯಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಎಳೆಯ ಕುಡಿಯನ್ನೇ ಆರಿಸಿ, ಗಂಟೆಗಟ್ಟಲೆ ಮೇಯಬೇಕು. ಹಗಲು ನೀರಿನಲ್ಲಿ ಸುರಕ್ಷಿತವಾಗಿ ಕೂತು, ಸಂಜೆಯಿಂದ ನಸುಕಿನವರೆಗೆ ಹೊಲಗಳಲ್ಲಿ ಮೇದು ಮತ್ತೆ ಕೆರೆಗೆ ಮರಳುವುದು ಅವುಗಳ ದಿನಚರಿ.

ಬತ್ತಿಸಿದ ಎರಡು ತಿಂಗಳ ಲೆಕ್ಕ

ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳು ಮುಂಚೆ ಬತ್ತಿಸುತ್ತೀರಿ. ಆಗ ಹಾಲಿಲ್ಲ, ಡೈರಿಯಿಂದ ದುಡ್ಡಿಲ್ಲ. ಆದರೂ ಒಳ್ಳೆಯ ಮೇವು, ಖನಿಜ ಮಿಶ್ರಣ ಕೊಟ್ಟು, ಹಸುವಿಗೆ ಗಾಬರಿಯಾಗದಂತೆ ನೋಡಿಕೊಳ್ಳುತ್ತೀರಿ. ಏಕೆಂದರೆ ಮುಂದಿನ ಸೂಲಿನ ಹಾಲು ಆ ಎರಡು ತಿಂಗಳಲ್ಲೇ ತೀರ್ಮಾನವಾಗುತ್ತದೆ ಎಂಬುದು ನಿಮಗೆ ಗೊತ್ತು.

ಹೆಬ್ಬಾತುಗಳಿಗೆ ನಮ್ಮ ಕೆರೆಯಲ್ಲಿ ಕಳೆಯುವ ಚಳಿಗಾಲ ಇಂಥದೇ ಕಾಲ. ಇಲ್ಲಿ ಅವು ಮೊಟ್ಟೆಯಿಡುವುದಿಲ್ಲ, ಮರಿ ಮಾಡುವುದಿಲ್ಲ. ಸುಮ್ಮನೆ ತಿಂದು ಕೂತಿರುವಂತೆ ಕಾಣುತ್ತವೆ. ಆದರೆ ಹಿಂದಿರುಗುವ ಮುನ್ನ ಮೈಗೆ ಕೊಬ್ಬು ತುಂಬಿಕೊಳ್ಳಬೇಕು. ಮತ್ತೆ ಹಿಮಾಲಯ ಏರುವುದು ಆ ಕೊಬ್ಬಿನ ಬಲದಿಂದ. ಬಡಕಲಾಗಿ ಹೊರಟ ಹಕ್ಕಿ ದಾರಿಯಲ್ಲಿ ಸಾಯಬಹುದು, ಇಲ್ಲವೇ ಹೇಗೋ ತಲುಪಿದರೂ ಮೊಟ್ಟೆಯಿಡುವ ಶಕ್ತಿ ಉಳಿದಿರುವುದಿಲ್ಲ.

ಈಗ ಕೆರೆಯಲ್ಲಿ ಏನಾಗುತ್ತದೆ ನೋಡಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಹಿಂಡು ಪೂರ್ತಿ ಮೇಲೆದ್ದು ಹಾರುತ್ತದೆ. ಏರಿಯ ಮೇಲೆ ಪಟಾಕಿ ಹೊಡೆದರೆ ಮತ್ತೆ ಹಾರುತ್ತದೆ. ಫೋಟೊ ತೆಗೆಯುವವರು ತೀರಾ ಹತ್ತಿರ ನುಗ್ಗಿದರೆ, ಡ್ರೋನ್ ಬಿಟ್ಟರೆ ಇನ್ನೊಮ್ಮೆ. ಪ್ರತಿ ಸಲ ಹಾರಿದಾಗಲೂ ಮೇಯುವ ಹೊತ್ತು ಹೋಯಿತು, ಕೂಡಿಟ್ಟ ಕೊಬ್ಬೂ ಕರಗಿತು. ಕರೆಯುವಾಗ ನಾಯಿ ಬೊಗಳಿದರೆ ಹೆದರಿದ ಹಸು ಹಾಲು ಇಳಿಸುವುದಿಲ್ಲ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆ ತಿನ್ನುವ ಅತಿಥಿಯನ್ನು ಏನು ಮಾಡುವುದು?

ನೀವು ಕೇಳಬಹುದು: "ಅತಿಥಿ ಸರಿ, ನಮ್ಮ ಹೊಲ ಮೇದು ಹೋದರೆ ಗತಿಯೇನು?"

ಈ ಪ್ರಶ್ನೆ ನ್ಯಾಯವಾದದ್ದು. ಕೆರೆಯ ಸುತ್ತ ಜಮೀನಿರುವವರಿಗೆ ಕಡಲೆ, ಗೋಧಿಯ ಎಳೆ ಸಸಿ ಹೋಗುವುದು ನಿಜವಾದ ನಷ್ಟ. ಹಕ್ಕಿ ನೋಡಿ ಸಂತೋಷಪಡುವವರು ಊರೂರಿನಿಂದ ಬರುತ್ತಾರೆ, ಮೇವು ಕೊಡುವವರು ಮಾತ್ರ ಕೆರೆಯ ಪಕ್ಕದ ನಾಲ್ಕಾರು ಮನೆಯವರು. ಇದನ್ನು ಮರೆಮಾಚಿ ಹಕ್ಕಿ ಉಳಿಸುವ ಮಾತಾಡಿದರೆ ಅರ್ಥವಿಲ್ಲ.

ಆದರೂ ಮಾಗಡಿಯ ಜನ ಈ ಹಕ್ಕಿಗಳ ತಂಟೆಗೆ ಹೋಗುವುದಿಲ್ಲ. ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರ. ಹೊಲದಲ್ಲಿ ಬಿದ್ದದ್ದು ನೇರವಾಗಿ ಮಣ್ಣಿಗೆ, ಕೆರೆಯಲ್ಲಿ ಬಿದ್ದದ್ದು ಹೂಳಿನ ಮೂಲಕ ಮತ್ತೆ ಹೊಲಕ್ಕೆ. ಹಾಗೆಂದು ಗೊಬ್ಬರದ ಲೆಕ್ಕದಲ್ಲಿ ಎಲ್ಲರ ನಷ್ಟವೂ ತುಂಬಿಬಿಡುತ್ತದೆ ಎಂದಲ್ಲ.

ಕೆರೆಯ ಸುತ್ತಿನವರು ಮಾಡಬಹುದಾದ ಕೆಲವು ಕೆಲಸಗಳಿವೆ. ಶೇಂಗಾ ಕಿತ್ತ ಹೊಲವನ್ನು ಕೂಡಲೇ ಉಳದೆ ಕೆಲವು ದಿನ ಬಿಟ್ಟರೆ, ಉದುರಿದ ಕಾಳು ತಿನ್ನಲು ಹಿಂಡು ಅಲ್ಲಿಗೆ ಇಳಿಯುತ್ತದೆ, ಪಕ್ಕದ ಎಳೆ ಬೆಳೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಸಸಿ ತೀರಾ ಎಳೆಯದಿರುವಾಗ ಕಾವಲಿದ್ದು, ಬಟ್ಟೆ ಬೀಸಿ ಎಬ್ಬಿಸಿದರೆ ಸಾಕು. ನಷ್ಟವಾದರೆ ಫೋಟೊ ತೆಗೆದು, ಅರ್ಜಿ ಬರೆದು ಪಂಚಾಯಿತಿಗೂ ಅರಣ್ಯ ಇಲಾಖೆಗೂ ಕೊಡಿ. ಒಬ್ಬರ ಅರ್ಜಿಗಿಂತ ಸಂಘದ ಹತ್ತು ಸದಸ್ಯೆಯರು ಸಹಿ ಹಾಕಿದ ಅರ್ಜಿಗೆ ತೂಕ ಹೆಚ್ಚು.

ವಿಷವನ್ನು ಮಾತ್ರ ಎಂದಿಗೂ ಇಡಬಾರದು. ಅದು ಹಕ್ಕಿಯೊಂದನ್ನೇ ಕೊಲ್ಲುವುದಿಲ್ಲ. ಅದೇ ಬದುವಿನ ಹುಲ್ಲು ಕೊಯ್ದು ನಾಳೆ ನೀವು ಗೋದಲಿಗೆ ಹಾಕುತ್ತೀರಿ. ಔಷಧಿ ಸವರಿದ ಬಿತ್ತನೆ ಬೀಜ ಉಳಿದರೆ ಬಯಲಿನಲ್ಲಿ ಚೆಲ್ಲಬೇಡಿ, ಮಣ್ಣಿನಲ್ಲಿ ಆಳಕ್ಕೆ ಹೂಳಿ. ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯಬಾರದು. ಸಂಜೆ ನಿಮ್ಮ ಎಮ್ಮೆ ಕುಡಿಯುವುದೂ ಆ ನೀರನ್ನೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದಲೂ ಜಾರಿಯಲ್ಲಿದೆ. ಈ ಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು ಶಿಕ್ಷಾರ್ಹ ಅಪರಾಧ.

ಕೆರೆಯಂಚು ಯಾರದ್ದು?

ಕೆರೆ ಎಂದರೆ ನೀರು ಮಾತ್ರವಲ್ಲ. ಹಕ್ಕಿಗೆ ಹೆಚ್ಚು ಬೇಕಾಗುವುದು ನೀರು ತೆಳುವಾಗಿ ನಿಲ್ಲುವ ಅಂಚು. ಮೊಣಕಾಲು ಮಟ್ಟದ ನೀರು, ಕೆಸರು, ಎಳೆ ಹುಲ್ಲು ಇರುವುದು ಅಲ್ಲೇ. ಉದ್ದ ಕಾಲಿನ ಹಕ್ಕಿಗಳು ನಿಂತು ಹುಳು ಹೆಕ್ಕುವುದೂ ಹೆಬ್ಬಾತು ಮೇಯುವುದೂ ಅಲ್ಲೇ. ನಮ್ಮ ದನ ಇಳಿದು ನೀರು ಕುಡಿಯುವುದೂ ಅಲ್ಲೇ.

ಹೂಳೆತ್ತುವಾಗ ಈ ಅಂಚು ಮೊದಲು ಹೋಗುತ್ತದೆ. ಜೆಸಿಬಿ ತಂದು ದಡದಿಂದಲೇ ಬಾವಿಯಂತೆ ನೇರವಾಗಿ ತೋಡಿದರೆ ನೀರೇನೋ ಹೆಚ್ಚು ನಿಲ್ಲುತ್ತದೆ, ಆದರೆ ಹಕ್ಕಿಗೆ ಕಾಲಿಡಲು ಜಾಗವಿರುವುದಿಲ್ಲ. ಕರುವೊಂದು ಜಾರಿ ಬಿದ್ದರೆ ಮೇಲೆ ಬರಲು ದಾರಿಯೂ ಇರುವುದಿಲ್ಲ. ಹೂಳೆತ್ತುವುದು ಬೇಡವೆಂದಲ್ಲ. ನಡುವೆ ಆಳ ಮಾಡಿ, ಕನಿಷ್ಠ ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಕೆರೆಯಂಗಳದ ಕರಿಜಾಲಿ ಮರಗಳನ್ನು ಕಡಿಸಬೇಡಿ. ಅಂಕಸಮುದ್ರದಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದು ನೀರಿನ ನಡುವೆ ನಿಂತ ಇಂಥ ಜಾಲಿಮರಗಳಲ್ಲೇ.

ದನಗಳ ವಿಷಯದಲ್ಲೂ ಒಂದು ಮಾತು. ಜೌಗು ಅಂಚಿನಲ್ಲಿ ಮೇಯುವ, ಅಲ್ಲೇ ನೀರು ಕುಡಿಯುವ ದನಗಳಿಗೆ ಪಿತ್ತಜನಕಾಂಗದ ಚಪ್ಪಟೆ ಹುಳು ಸೇರುವ ಅಪಾಯವಿದೆ. ಡಾಕ್ಟರು ಇದನ್ನು ಲಿವರ್ ಫ್ಲೂಕ್ ಎನ್ನುತ್ತಾರೆ. ಈ ಹುಳು ಕೆಲಕಾಲ ನೀರಿನ ಸಣ್ಣ ಬಸವನಹುಳುವಿನೊಳಗೆ ಬೆಳೆದು, ಆಮೇಲೆ ಅಂಚಿನ ಹುಲ್ಲಿಗೆ ಅಂಟಿಕೊಂಡು ದನದ ಹೊಟ್ಟೆ ಸೇರುತ್ತದೆ. ಹಸು ಸೊರಗುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ, ಹಾಲು ಇಳಿಯುತ್ತದೆ. ಕೆರೆಯ ಗಟ್ಟಿ ನೆಲವಿರುವ ಒಂದೇ ಕಡೆ ದನ ಇಳಿಸಿ, ಅಥವಾ ಏರಿಯ ಹೊರಗೆ ತೊಟ್ಟಿ ಕಟ್ಟಿಸಿ ನೀರು ಕುಡಿಸಿ. ದನಕ್ಕೆ ಹುಳುವಿನ ಕಾಟ ಕಡಿಮೆಯಾಗುತ್ತದೆ, ಉಳಿದ ಅಂಚು ಹಕ್ಕಿಗೆ ಸಿಗುತ್ತದೆ. ತೊಟ್ಟಿಗಾಗಿ ಪಂಚಾಯಿತಿಯನ್ನು ಕೇಳುವುದು ನಿಮ್ಮ ಹಕ್ಕು.

ಒಂದು ಸೂಜಿಯ ವಿಷಯ

ಇಲ್ಲಿಯವರೆಗೆ ಹುಲ್ಲು ಮೇಯುವ ಅತಿಥಿಯ ಮಾತಾಯಿತು. ಚಳಿಗಾಲದಲ್ಲಿ ಮಾಂಸ ತಿನ್ನುವ ಅತಿಥಿಗಳೂ ನಮ್ಮ ದೇಶಕ್ಕೆ ಬರುತ್ತವೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ದೊಡ್ಡ ಹದ್ದುಗಳು, ಹಿಮಾಲಯದ ಕಡೆಯಿಂದ ರಣಹದ್ದುಗಳು. ಅವು ಸತ್ತ ದನದ ಮಾಂಸ ತಿನ್ನುತ್ತವೆ. ಅವುಗಳ ಸಾವು ಬದುಕು ನಿಂತಿರುವುದು ನಮ್ಮ ಕೊಟ್ಟಿಗೆಯ ಒಂದು ಸೂಜಿಯ ಮೇಲೆ.

ಹಿಂದೆ ಹಸುವಿಗೆ ಜ್ವರ, ಕೆಚ್ಚಲು ಬಾವು, ಕಾಲು ನೋವು ಬಂದರೆ ಡೈಕ್ಲೊಫೆನಾಕ್ ಎಂಬ ನೋವಿನ ಇಂಜೆಕ್ಷನ್ ಕೊಡುತ್ತಿದ್ದರು. ಹಸುವಿಗೆ ಅದು ತಡೆಯುತ್ತದೆ. ಆದರೆ ಇಂಜೆಕ್ಷನ್ ತೆಗೆದುಕೊಂಡ ಕೆಲವು ದಿನಗಳಲ್ಲಿ ಹಸು ಸತ್ತು, ಅದರ ಮಾಂಸವನ್ನು ರಣಹದ್ದು ತಿಂದರೆ ಹಕ್ಕಿಯ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೀಗೆ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರ ನಡುವೆ ದೇಶದಲ್ಲಿ ಶೇಕಡ 99ಕ್ಕೂ ಹೆಚ್ಚು ಕುಸಿಯಿತು. ರಾಜಸ್ಥಾನದ ಬಿಕಾನೇರ್ ಬಳಿ, ಸತ್ತ ದನಗಳನ್ನು ಹಾಕುವ ಜಾಗದಲ್ಲಿ ಸತ್ತು ಬಿದ್ದಿದ್ದ ವಲಸೆ ಹದ್ದುಗಳ ದೇಹದಲ್ಲೂ ಇದೇ ಔಷಧಿ ಸಿಕ್ಕಿತು.

ಕೊಂದೇ ತೀರಬೇಕೆಂದು ಯಾರೂ ಇದನ್ನು ಮಾಡಲಿಲ್ಲ. ನೋವಿನಲ್ಲಿದ್ದ ಹಸುವಿಗೆ ಔಷಧಿ ಕೊಡಿಸಿದೆವು, ಅಷ್ಟೇ. ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಪಶುಗಳಿಗೆ ಡೈಕ್ಲೊಫೆನಾಕ್ ಬಳಕೆಯನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ 2023ರಲ್ಲಿ ನಿಷೇಧವಾದವು. ನಂತರ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿತು. ರಣಹದ್ದುಗಳಿಗೆ ಅಪಾಯವಿಲ್ಲದ ನೋವಿನ ಔಷಧಿಗಳಿವೆ: ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಸಿಡ್. ನಮ್ಮ ರಾಜ್ಯದಲ್ಲೂ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಬೆಟ್ಟಕ್ಕೆ ಬೇಲಿ ಹಾಕಬಹುದು, ಹಾರುವ ಹಕ್ಕಿಗೆ ಬೇಲಿಯಿಲ್ಲ. ಅದು ಎಲ್ಲಿ ಇಳಿದು ತಿನ್ನುತ್ತದೋ ಅಲ್ಲಿನ ದನದ ಮೈಯಲ್ಲಿ ಏನಿದೆ ಎಂಬುದೇ ಮುಖ್ಯ.

ಆದ್ದರಿಂದ ಮುಂದಿನ ಸಲ ಹಸುವಿಗೆ ಇಂಜೆಕ್ಷನ್ ಕೊಡುವಾಗ ಎರಡು ಪ್ರಶ್ನೆ ಕೇಳಿ. "ಡಾಕ್ಟ್ರೇ, ಇದು ಯಾವ ನೋವಿನ ಔಷಧಿ?" "ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು?" ಮೊದಲನೆಯದು ಹಕ್ಕಿಗಾಗಿ, ಎರಡನೆಯದು ಆ ಹಾಲು ಕುಡಿಯುವ ಮಕ್ಕಳಿಗಾಗಿ. ಕೇಳಲು ಸಂಕೋಚ ಬೇಡ. ಮನುಷ್ಯರ ಔಷಧಿ ಅಂಗಡಿಯಿಂದ ನೋವಿನ ಇಂಜೆಕ್ಷನ್ ತಂದು ನೀವೇ ಚುಚ್ಚಬೇಡಿ, ಬೇರೆಯವರಿಂದಲೂ ಚುಚ್ಚಿಸಬೇಡಿ. ಚಿಕಿತ್ಸೆಯಲ್ಲಿದ್ದ ದನ ಸತ್ತರೆ ಬಯಲಿಗೆ ಎಸೆಯದೆ ಆಳಕ್ಕೆ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿಸಿ. ನಾಯಿ, ಚಿರತೆಯ ಮೇಲಿನ ಸಿಟ್ಟಿಗೆ ಸತ್ತ ಕರುವಿಗೆ ವಿಷ ಸವರುವುದಂತೂ ಕೂಡದು.

ಸತ್ತ ಹಕ್ಕಿ ಕಂಡರೆ

ಹಕ್ಕಿಜ್ವರದ ಬಗ್ಗೆಯೂ ತಿಳಿದಿರಲಿ. ಹಿಮಾಚಲ ಪ್ರದೇಶದ ಪಾಂಗ್ ಅಣೆಕಟ್ಟಿನ ಜಲಾಶಯದಲ್ಲಿ 2020ರ ಕೊನೆ ಮತ್ತು 2021ರ ಆರಂಭದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಈ ರೋಗದಿಂದ ಸತ್ತವು. ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಹಾಗೆಂದು ಕೆರೆಯಲ್ಲಿ ಹಕ್ಕಿ ಕಂಡ ಕೂಡಲೇ ಹೆದರಬೇಕಿಲ್ಲ, ಓಡಿಸಬೇಕಿಲ್ಲ. ಓಡಿಸಿದರೆ ರೋಗ ಇನ್ನೊಂದು ಕೆರೆಗೆ ಹೋಗುತ್ತದೆ, ಅಷ್ಟೇ. ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ನಾಯಿಗಳನ್ನೂ ದೂರವಿಡಿ, ಮನೆಯ ಕೋಳಿಗಳನ್ನು ಕೆರೆಯ ಕಡೆ ಬಿಡಬೇಡಿ. ಕೂಡಲೇ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ. ನಿಮ್ಮ ದನಕ್ಕೆ ತುರ್ತು ಚಿಕಿತ್ಸೆ ಬೇಕಾದರೆ 1962ಕ್ಕೆ ಕರೆ ಮಾಡುವುದು ನಿಮಗೆ ಗೊತ್ತೇ ಇದೆ.

ಈ ಚಳಿಗಾಲಕ್ಕೆ ನಮ್ಮ ಕೆಲಸ

• ದನಕ್ಕೆ ಯಾವ ನೋವಿನ ಔಷಧಿ ಕೊಡುತ್ತಿದ್ದಾರೆ ಎಂದು ಕೇಳಿ ತಿಳಿಯುವುದು.
• ಕೆರೆಯ ಒಂದೇ ಗಟ್ಟಿ ಕಡೆಯಲ್ಲಿ, ಸಾಧ್ಯವಾದರೆ ತೊಟ್ಟಿಯಲ್ಲಿ ನೀರು ಕುಡಿಸುವುದು.
• ಔಷಧಿಯ ಪಂಪು, ಡಬ್ಬಿಗಳನ್ನು ಕೆರೆಯಿಂದ ದೂರ ತೊಳೆಯುವುದು.
• ಸಾಕಿದ ನಾಯಿಯನ್ನು ಮುಂಜಾನೆ, ಸಂಜೆ ಕೆರೆಯ ಕಡೆ ಬಿಡದಿರುವುದು.
• ಹೂಳೆತ್ತುವ ಯೋಜನೆ ಬಂದಾಗ ಒಂದು ಬದಿ ಇಳಿಜಾರು ಉಳಿಸಲು ಗ್ರಾಮಸಭೆಯಲ್ಲಿ ಕೇಳುವುದು.
• ಬೆಳೆ ನಷ್ಟವಾದವರ ಪರವಾಗಿ ಸಂಘದ ಸದಸ್ಯೆಯರೆಲ್ಲ ಸೇರಿ ಅರ್ಜಿ ಕೊಡುವುದು.

ಇದರಲ್ಲಿ ಒಂದಕ್ಕೂ ಹೆಚ್ಚಿನ ದುಡ್ಡು ಬೇಕಿಲ್ಲ. ಹೆಚ್ಚಿನವು ಹಕ್ಕಿಗಿಂತ ಮೊದಲು ನಿಮ್ಮ ಹಸುವಿಗೇ ಒಳ್ಳೆಯದು ಮಾಡುತ್ತವೆ. ಸಂಘದ ಮುಂದಿನ ಸಭೆಯಲ್ಲಿ ಲೆಕ್ಕಪತ್ರ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ಮಾತಾಡಿ. ನಿಮ್ಮೂರ ಕೆರೆಗೆ ಯಾವ ಹಕ್ಕಿ, ಯಾವ ತಿಂಗಳು ಬರುತ್ತದೆ ಎಂದು ಹಿರಿಯರನ್ನು ಕೇಳಿ. ಮೊದಲು ಬರುತ್ತಿದ್ದು ಈಗ ಬಾರದಿರುವ ಹಕ್ಕಿ ಯಾವುದು ಎಂದೂ ಕೇಳಿ. ಆ ಉತ್ತರದಲ್ಲೇ ನಿಮ್ಮ ಕೆರೆಯ ಆರೋಗ್ಯ ಗೊತ್ತಾಗುತ್ತದೆ.

ಮಾರ್ಚ್ ಹೊತ್ತಿಗೆ ಹೆಬ್ಬಾತುಗಳು ಹೊರಡುತ್ತವೆ. ತಿಪ್ಪೆಯ ಬಳಿಯ ಸಿಪಿಲೆಯೂ ಯಾವುದೋ ಒಂದು ದಿನ ಹೇಳದೆ ಹೋಗಿರುತ್ತದೆ. ನಿಮ್ಮ ಬತ್ತಿಸಿದ ಹಸು ಕರು ಹಾಕಿ ಗಿಣ್ಣು ಹಾಲು ಕೊಡುವಾಗ, ನಿಮ್ಮ ಕೆರೆಯಂಚಿನ ಹುಲ್ಲು ತಿಂದು ಹೋದ ಹಕ್ಕಿಯೂ ಮಂಗೋಲಿಯಾದ ಯಾವುದೋ ಕೆರೆಯ ಬಳಿ ಮೊಟ್ಟೆಗೆ ಕಾವು ಕೊಡುತ್ತ ಕೂತಿರಬಹುದು. ಎರಡಕ್ಕೂ ಬಾಣಂತನ ಮಾಡಿದ ಕೈ ನಿಮ್ಮದೇ.